ಮುಸುರೆ

ಬೇಕರ್ಸ್‌ಫೀಲ್ಡ್, ಯೂನಿಯನ್ ಅವೆನ್ಯೂ, ಐವತ್ತಮೂರನೇ ಇಸವಿ.
ನಮ್ಮ ತಾತ ಎವುಸೇಬಿಯೊ
ಆರ್ಲೊ ಪಿಂಕ್ನಿಯ ಡ್ರೈವ್-ಇನ್ನಿನ ಹಿತ್ತಿಲಲ್ಲಿ ಮುಸುರೆ ತಿಕ್ಕುತ್ತಿದ್ದ.
ದಿನಕ್ಕೆ ನಾನ್ನೂರು ತಟ್ಟೆ, ಲೆಕ್ಕವಿಲ್ಲದ ಚಮಚ,
ಮೊಣಕೈವರೆಗೂ ನೊರೆ.

ತಟ್ಟೆ ನೋಡಿಯೇ ತಿಂದವರ ಜಾತಕ ಹೇಳುತ್ತಿದ್ದನಂತೆ:
ಅಂಚಿಗೆ ಸರಿಸಿದ ಗಟ್ಟಿ ತೊಗಟೆ, ಹಲ್ಲುನೋವಿನವನು.
ಮುಟ್ಟದೇ ಬಿಟ್ಟ ಮಾಂಸ, ಲಿಪ್‌ಸ್ಟಿಕ್ ಮೆತ್ತಿದ ಲೋಟ, ಜಗಳ.
ಬೆರಳಲ್ಲಿ ಬಳಿದು ನೆಕ್ಕಿದ್ದು
ಹತ್ತಿ ಬಿಡಿಸುವ ಹುಡುಗ; ಇವತ್ತು ಬಟವಾಡೆ.
ಊರಿನ ಬಾಯೆಲ್ಲ ಒಂದೇ ತೊಟ್ಟಿಯಲ್ಲಿ ನೆನೆಯುತ್ತಿತ್ತು,
ಒಂದೇ ಬಿಸಿನೀರಿನಲ್ಲಿ.
ಅವನನ್ನು ಮಾತ್ರ ಮುಂಬಾಗಿಲಿಂದ ಬಿಡುತ್ತಿರಲಿಲ್ಲ.

ಚಳಿಗಾಲಕ್ಕೆ ಆರ್ಲೊ ಸ್ಟಾಪ್‌ವಾಚ್ ತಂದ,
ಕೊರಳಿಗೆ ತಾಯಿತದ ಹಾಗೆ ಕಟ್ಟಿಕೊಂಡ.
ಬನ್ನಿಗೆ ಹನ್ನೆರಡು ಸೆಕೆಂಡು, ಈರುಳ್ಳಿಗೆ ಮೂರು,
ಸಾಸಿವೆ ಒಂದೇ ಪಿಚಕಾರಿ.
ಇಪ್ಪತ್ತೇಳು ಬಗೆಯ ಪಟ್ಟಿ ಆರಕ್ಕಿಳಿಯಿತು.
ಕಾರಿನ ಬಳಿಗೆ ಟ್ರೇ ಒಯ್ಯುತ್ತಿದ್ದ ವೆರ್ನಾ ಸ್ಟ್ರೌಡ್
ಸ್ಕೇಟಿನ ಲೇಸು ಬಿಚ್ಚಿಟ್ಟು ಬರಿಗಾಲಲ್ಲಿ ಹೋದಳು.
ರುಚಿ ನೋಡಲು ಅಡುಗೆಯವನೇ ಬೇಕಿರಲಿಲ್ಲ.
ಆಮೇಲೆ ಕಾಗದ ಬಂತು.
ಸುತ್ತು, ಕೊಡು, ತಿನ್ನು, ಎಸೆ.

"ಇನ್ನು ಎಂಜಲೇ ಇಲ್ಲ ಕಣೋ ಸೆಬ್," ಅಂದನಂತೆ ಆರ್ಲೊ,
ಹಬ್ಬದ ಸುದ್ದಿ ಹೇಳುವಂತೆ.

ಎಂಜಲೇನೋ ಹೋಯಿತು. ಗಾಳಿ ಹೊತ್ತು ತಂದಿತು
ಹೊಲದ ತಂತಿಬೇಲಿಗೆ, ಕಾಲುವೆಗೆ, ಶಾಲೆಯಂಗಳಕ್ಕೆ
ಎಣ್ಣೆ ಕುಡಿದ ಬಿಳಿ ಕಾಗದ.

ಸುಳ್ಳು ಹೇಳಬಾರದು, ಅಗ್ಗವಾಯಿತು.
ನಮ್ಮಜ್ಜಿ ಬದುಕಿನಲ್ಲಿ ಮೊದಲ ಸಲ ಹೊರಗೆ ಉಂಡದ್ದು
ಆ ಕಿಟಕಿಯ ಮುಂದೆ ನಿಂತೇ, ಮಕ್ಕಳೆಲ್ಲರ ಜೊತೆ.
ಕಿಟಕಿಗೆ ಮುಂಬಾಗಿಲು ಹಿಂಬಾಗಿಲು ಎಂಬುದಿಲ್ಲವಲ್ಲ.
ಆ ಹೊತ್ತಿಗೆ ತಾತನಿಗೆ ಕೆಲಸವಿರಲಿಲ್ಲ.

ನಾನೀಗ ಅದೇ ರಸ್ತೆಯ ಬೇರೊಂದು ಕಿಟಕಿಯಲ್ಲಿ.
ಕಿವಿಯಲ್ಲಿ ಮೈಕು, ನೆತ್ತಿಯ ಮೇಲೆ ಓಡುವ ಕೆಂಪು ಅಂಕಿ.
ಕಾರಿನಿಂದ ಕೈ ಮಾತ್ರ ಬರುತ್ತದೆ.
ಮುಖ ನೆನಪುಳಿಯುವುದಿಲ್ಲ. ಒಂದು ಸಡಿಲ ಉಂಗುರ,
ಪ್ಲಾಸ್ಟರ್ ಸುತ್ತಿದ ಒಂದು ಹೆಬ್ಬೆರಳು.
ಯಾರು ತಿಂದರು, ಎಷ್ಟು ಬಿಟ್ಟರು, ಯಾಕೆ,
ತಾತನಂತೆ ಹೇಳಲು ನನಗೇನೂ ಮರಳಿ ಬರುವುದಿಲ್ಲ.

ನಡುರಾತ್ರಿ ಪಾಳಿ ಮುಗಿಸಿ
ಕಾರಿನಲ್ಲೇ ಕೂತು ತಣ್ಣನೆಯ ಫ್ರೈಸ್ ತಿನ್ನುತ್ತೇನೆ,
ಸ್ಟಿಯರಿಂಗಿನ ಮೇಲೆ ಉಪ್ಪಿನ ಹರಳು.
ಮನೆಗೆ ಹೋದರೆ ತೊಳೆಯಲು ಏನೂ ಇರುವುದಿಲ್ಲ.
ಕೈ ತೊಳೆಯುತ್ತೇನೆ, ಮೊಣಕೈವರೆಗೂ,
ವಾಸನೆ ಹೋಗುವುದಿಲ್ಲ,
ಮತ್ತೊಮ್ಮೆ ತೊಳೆಯುತ್ತೇನೆ.