ಮನೆಯಲ್ಲಿ ಎಷ್ಟು ಜನ

ಬುಧವಾರ ಸಂಜೆ, ನ್ಯೂ ಬೆಡ್‌ಫರ್ಡ್, ಚರ್ಚಿನ ನೆಲಮಾಳಿಗೆ.
ಮಡಚುವ ಮೇಜು, ಎರಡು ಲ್ಯಾಪ್‌ಟಾಪು,
ಒಂದರಲ್ಲಿ 'ಎನ್' ಕಿತ್ತುಹೋಗಿದೆ.
ಇವಾಂಡ್ರಾಳ ಹೆಸರಿನ ನಡುವೆ ಅದೇ ಬೇಕು.

ಅರ್ಜಿ ಕೇಳುತ್ತದೆ: ಮನೆಯಲ್ಲಿ ಎಷ್ಟು ಜನ?
ಬೆರಳು ಮಡಚುತ್ತಾಳೆ. ಅಮ್ಮ, ಅಜ್ಜಿ, ತಮ್ಮಂದಿರಿಬ್ಬರು,
"ದೋಣಿ ದಡಕ್ಕೆ ಬಂದಾಗ
ಸೋಫಾದಲ್ಲಿ ಮಲಗುವ ಮಾವ, ಅವನು?"
ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಅರ್ಜಿಗೆ ಮಾವ ಗೊತ್ತಿಲ್ಲ,
ಅವನು ಕಾಗದದಲ್ಲಿ ಸುತ್ತಿ ತರುವ ಮೀನೂ.

ಮಾರ್ಚಿನಲ್ಲಿ ಸೀಟು ಸಿಕ್ಕಿತು. ಕುಣಿದೆವು.
ಜುಲೈನಲ್ಲಿ ಅವಳ ಫೋನು ಮೂಕ.

ಈ ಕೆಲಸದಲ್ಲಿ ನನಗೆ ಬೇಸಿಗೆಯೆಂದರೆ ಭಯ.
ವಸಂತದಲ್ಲಿ ಎಣಿಸಿಟ್ಟ ತಲೆಗಳು
ಮೀನುಪೆಟ್ಟಿಗೆಯ ಮಂಜುಗಡ್ಡೆಯ ಹಾಗೆ
ಆಗಸ್ಟಿನೊಳಗೆ ಕರಗಿರುತ್ತವೆ.
ಯಾರೂ ಫೇಲಾಗಿರುವುದಿಲ್ಲ;
ಹಾಸ್ಟೆಲಿನ ಮಂಚ ಕಾದಿರಿಸಲು ಇನ್ನೂರು ಡಾಲರು
ಆ ವಾರ ಮನೆಯಲ್ಲಿರುವುದಿಲ್ಲ,
ಅಷ್ಟೆ.

ಮೀನಿನ ಕಾರ್ಖಾನೆಗೇ ಫೋನು ಮಾಡಿದೆ.
ಬೆನ್‌ವಿಂದಾ ಬಂದರು. ಒದ್ದೆ ಕೈಗವಸು ಕಳಚುವ ಸದ್ದು.
"ನನ್ನ ಮಗಳು ಏನು ತಪ್ಪು ಮಾಡಿದಳು?"
ಹನ್ನೆರಡು ವರ್ಷದಿಂದ
ಶಾಲೆಯ ಕಡೆಯ ಫೋನಿಗೆ ಅದೊಂದೇ ಅರ್ಥ.

ಏನೂ ಇಲ್ಲ ತಾಯಿ, ಎಂದೆ ನಮ್ಮ ಕ್ರಿಯೋಲಿನಲ್ಲಿ,
ಆ ದುಡ್ಡಿಗೆ ವಿನಾಯಿತಿ ಉಂಟು,
ನಿಮ್ಮದೊಂದು ಸಹಿ ಸಾಕು.

ಆಚೆ ಯಂತ್ರ ತಿರುಗುತ್ತಲೇ ಇತ್ತು.
ಯಾರೋ ಅವರನ್ನು ಕೂಗಿದರು.
"ಮೂರು ವಾರ ನಿದ್ದೆಯಿಲ್ಲ ಅವಳಿಗೆ.
ಇದನ್ನು ಮೊದಲೇ ಯಾಕೆ ಹೇಳಲಿಲ್ಲ?"

ಹೇಳಿದ್ದೆವು.
ಹನ್ನೊಂದನೇ ಪುಟದ ತಳದಲ್ಲಿ,
ಇರುವೆಯಕ್ಷರದಲ್ಲಿ,
ಅವರಿಗೆ ಬಾರದ ಭಾಷೆಯಲ್ಲಿ.