ಬಾಗಿಲು ಕಳಚಿದ ಮೇಲೆ

ಎಡಗಡೆಯದು ಮೊದಲು ಬಿತ್ತು,
ನಾಪೋಕ್ಲು ಸಂತೆಯ ಎದುರಿಗೇ.
ಕೀಲು ಹಪ್ಪಳದ ಹಾಗೆ ಮುರಿದು
ಕೈಯಲ್ಲಿ ಹಿಡಿಕೆ ಮಾತ್ರ ಉಳಿಯಿತು.
"ಬಲಗಡೆಯದೂ ಇವತ್ತೋ ನಾಳೆಯೋ," ಎಂದ ಮೊಯ್ದು
ಸ್ಪ್ಯಾನರಿನಲ್ಲಿ ಬೆನ್ನು ತುರಿಸಿಕೊಳ್ಳುತ್ತ.
ಎರಡನ್ನೂ ಬಿಚ್ಚಿ ಗ್ಯಾರೇಜಿನ ಗೋಡೆಗೆ ಒರಗಿಸಿದ,
ಪಾಲಾದ ಅಣ್ಣತಮ್ಮಂದಿರ ಹಾಗೆ
ಬೆನ್ನಿಗೆ ಬೆನ್ನು.
"ತಗಡು ಹೊಡೆಯಬೇಕು, ಪೇಂಟು, ಹದಿನೈದು ದಿನ.
ಅಲ್ಲಿಯವರೆಗೆ ಹೀಗೇ ಓಡಿಸಿ ಅವ್ವ,
ಮೇಜರ್ ಜೀಪಿಗೆ ಬಾಗಿಲು ಒಂದು ಶೋಕಿ."

ಶೋಕಿಯೇ ಇರಬೇಕು.
ಮೊಣಕೈ ಊರಲು ಜಾಗವಿಲ್ಲದೆ
ಬಲಗೈ ಮೂರು ದಿನ ಅನಾಥವಾಗಿತ್ತು.
ಇಪ್ಪತ್ತೆರಡು ವರ್ಷ ಓಡಿಸಿದ ರಸ್ತೆ
ಇಷ್ಟು ಪಕ್ಕದಲ್ಲಿ ಹರಿಯುತ್ತದೆಂದು ಗೊತ್ತಿರಲಿಲ್ಲ:
ಬಿಳಿ ಗೆರೆ, ಎಲೆಯಡಿಕೆಯ ಉಗುಳು,
ಒಂಟಿ ಹವಾಯಿ ಚಪ್ಪಲಿ,
ಬೊಳಿಬಾಣೆಯಲ್ಲಿ ಚಪ್ಪಟೆಯಾದ ಕೇರೆಹಾವು,
ಕೈ ಚಾಚಿದರೆ ಹೆಕ್ಕಬಹುದು ಎಲ್ಲ.
ಪಲ್ಪರ್ ನೀರಿನ ಹುಳಿ ನಾತ
ಹೊದ್ದೂರು ದಾಟುವವರೆಗೆ ತೊಡೆಯ ಮೇಲೆ ಕೂತಿತ್ತು.
ಕೆಂಪು ಬಸ್ಸು ಪಕ್ಕಕ್ಕೆ ಬಂದಾಗ
ಕಿಟಕಿಯ ಮಗು ನನ್ನ ಕಾಲ್ಬೆರಳು ಎಣಿಸಿತು.

ಮದುವೆಗೂ ಹೀಗೇ ಹೋದೆ, ರೇಷ್ಮೆ ಉಟ್ಟು.
"ಸೀರೆ ಹಾರಲಿಲ್ಲವೇನೇ?" ಎಂದಳು ದೇಚಿ ಚಿಕ್ಕಮ್ಮ.
ನೆರಿಗೆ ಹಿಂದಿದೆಯಲ್ಲ ಚಿಕ್ಕಮ್ಮ,
ಕಾವೇರಿ ತಳ್ಳಿದ ಮೇಲೆ ಗಾಳಿಗೇನು ಕೆಲಸ?

ಮೂರ್ನಾಡಿನಲ್ಲಿ ಹೊಸ ಕಾನ್‌ಸ್ಟೇಬಲ್,
ಹಾವೇರಿ ಕಡೆಯ ಹುಡುಗ, ಸ್ವೆಟರಿನ ಮೇಲೆ ಸ್ವೆಟರು.
"ಬಾಗ್ಲ ಎಲ್ಲಿ ಅದಾವ್ರೀ ಅಮ್ಮಾರ?"
ಹಪ್ಪಳವಾದವು ಎಂದೆ.
ಮೊಬೈಲಿನಲ್ಲಿ ಏನೋ ಉಜ್ಜಿ ಉಜ್ಜಿ ನೋಡಿದ.
"ಬಾಗ್ಲದ ಮಾತು ಸಾಹೇಬ್ರನ್ನ ಕೇಳಬೇಕ್ರೀ.
ಆದ್ರ ಕನ್ನಡಿ? ಕನ್ನಡಿ ಬೇಕಲ್ರೀ.
ಹಿಂದ ಯಾರ ಬರಾಕತ್ತಾರ, ಹೆಂಗ ಗೊತ್ತಾಗ್ತದ?"
ಆಗ ಹೊಳೆಯಿತು:
ಕನ್ನಡಿಗಳು ಬಾಗಿಲಿಗೇ ಇದ್ದವು.
ಮೊಯ್ದುವಿನ ಗೋಡೆ ನೋಡುತ್ತ ಕೂತಿರಬೇಕು.

ಹೇಳಲು ಹೊರಟದ್ದು ಇದಲ್ಲ.

ಕಾಫಿ ಕೊಯ್ಲಿನವರನ್ನು ಬೆಳಿಗ್ಗೆ ಲೈನ್‌ಮನೆಯಿಂದ
ಮೇಲಿನ ತೋಟಕ್ಕೆ ಒಯ್ಯುವುದು ಇದೇ ಜೀಪು,
ನಡುವೆ ಮೂರು ಮೈಲಿ ಟಾರು ರಸ್ತೆ.
ಎಲ್ಲರೂ ಹಿಂದೆ, ಬುಟ್ಟಿ ಚೀಲ ಮಕ್ಕಳು ಸಹಿತ.
ಮುಂದಿನ ಸೀಟಿನಲ್ಲಿ ನನ್ನ ಕೈಚೀಲ.
ಹೀಗೆಂದು ಯಾರೂ ಹೇಳಿದ್ದಲ್ಲ.
ಊಟಕ್ಕೆ ಬಲಗೈ ಎಂದು
ದಿನಾ ಯಾರಾದರೂ ಹೇಳುತ್ತಾರೆಯೇ?

ಮಂಗಳವಾರ, ಮಂಜು ಬಿಟ್ಟಿರಲಿಲ್ಲ.
ಬೊಳ್ಳಚ್ಚಿ, ಮಂಡಿನೋವಿನವಳು,
ಹಿಂದಿನ ಮೆಟ್ಟಿಲಿನ ಎತ್ತರ ನೋಡಿದಳು,
ಮುಂದೆ ಬಂದಳು,
ನನ್ನ ಕೈಚೀಲ ಎತ್ತಿ ಮಡಿಲಲ್ಲಿಟ್ಟುಕೊಂಡು
ಕೂತಳು.
ತೆರೆಯಲು ಏನೂ ಇರಲಿಲ್ಲ,
ಹಾಗಾಗಿ ಕೇಳಲೂ.

ನನ್ನೊಳಗೆ ಒಂದು ಹಿಡಿಕೆ ಕಟಕ್ಕೆಂದಿತು.
ನಿಜ ಹೇಳುತ್ತೇನೆ, ಎಂದಿತು.
ಬಾಗಿಲು ತೆಗೆದವಳು ನಾನಲ್ಲ,
ತುಕ್ಕು ತೆಗೆದದ್ದು.
ಹೆಗ್ಗಳಿಕೆ ಏನಾದರೂ ಇದ್ದರೆ
ಕಕ್ಕಡದ ಮಳೆಗೆ ಸಲ್ಲಬೇಕು.

ತೋಟದ ಗೇಟಿಗೆ ಎಡಕ್ಕೆ ತಿರುಗುವ ಮುನ್ನ ನಿಧಾನಿಸಿದೆ.
"ಹಿಂದೆ ನೋಡು, ಏನಾದರೂ ಬರುತ್ತಿದೆಯಾ?"
ಕಬ್ಬಿಣದ ಸರಳು ಹಿಡಿದು
ಸೊಂಟದವರೆಗೆ ಹೊರಗೆ ಬಾಗಿದಳು.
ಇಪ್ಪತ್ತೆರಡು ಕೊಯ್ಲು ಕೂತ ಜಾಗವನ್ನು
ಮೊದಲ ಸಲ ಮುಂದಿನಿಂದ ನೋಡಿದಳು.
ತಿರುವಿಗೆ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ನೋಡಿದಳು.
ಹಿಂದೆ ಮಾತು ನಿಂತಿತ್ತು, ಮಕ್ಕಳದ್ದೂ.

"ಯಾರೂ ಇಲ್ಲ ಅವ್ವ," ಎಂದಳು,
"ನಮ್ಮವರೇ."

ಮೊಯ್ದು ಎರಡು ಸಲ ಫೋನು ಮಾಡಿದ.
ತಗಡು ಆಯಿತಂತೆ, ಕೀಲು ಹೊಸದಂತೆ,
ಬಣ್ಣ ಯಾವುದು ಎಂದು ಕೇಳುತ್ತಾನೆ.
ಇನ್ನೂ ಹೇಳಿಲ್ಲ.