ಜೋಮಿನ ಲೆಕ್ಕ

ಹೆಸರು ಬರೆಯುವಂತಿಲ್ಲ. ನಲವತ್ತೇಳು ಅಂತ ಬರೆದೆ.
'ನನ್ನ ವಯಸ್ಸಾ?' ಅಂದಳು.
'ಅಲ್ಲಮ್ಮ, ನಂಬರು.'
'ವಯಸ್ಸೂ ಅಷ್ಟೇ ಇರಬೇಕು, ಬಿಡಿ.'

ಸುಂಕದಕಟ್ಟೆಯಿಂದ ಎರಡು ಬಸ್ಸು ಬದಲಿಸಿ ಬಂದವಳು,
ದಿನಕ್ಕೆ ನಾಲ್ಕು ಸಾವಿರ ಊದುಬತ್ತಿ ಹೊಸೆಯುವವಳು.
ಉಗುರ ಸಂದಿಯಲ್ಲಿ ಇದ್ದಿಲು, ಸೆರಗಿನಲ್ಲಿ
ಯಾರದೋ ದೇವರ ಕೋಣೆಗೆ ಹೋಗಬೇಕಾದ ಪರಿಮಳ.

ಒಪ್ಪಿಗೆ ಪತ್ರ ಒಂಬತ್ತು ಪುಟ. ಓದಿ ಹೇಳಿದೆ.
ಹೆಬ್ಬೆಟ್ಟು ಒತ್ತಿ ಕೇಳಿದಳು: 'ಬಿತ್ತಾ?'
ಒತ್ತಿದ್ದು ಅವಳಿಗೆ ತಿಳಿಯಲಿಲ್ಲ.
ನೀಲಿ ಶಾಯಿಯಲ್ಲಿ ಗೆರೆಯೇ ಇಲ್ಲದ ಒಂದು ಮೊಟ್ಟೆ.
ಗೆರೆಗಳನ್ನೆಲ್ಲ ಕಡ್ಡಿಗಳು ಒಂದೊಂದಾಗಿ ಒಯ್ದಿವೆ.
ರೇಷನ್ ಅಂಗಡಿಯ ಮಿಷನ್ನಿಗೂ
ಅವಳು ಯಾರೋ ಗೊತ್ತಾಗುವುದಿಲ್ಲವಂತೆ.
ಸಾಕ್ಷಿಯ ಜಾಗದಲ್ಲಿ ವಾರ್ಡ್ ಬಾಯ್ ಸಹಿ ಹಾಕಿದ.

ಮಣಿಕಟ್ಟಿನೊಳಗೆ ಒಂದು ಓಣಿ ಇದೆ, ವಿವರಿಸಿದೆ:
ಎಂಟು ಪುಟ್ಟ ಎಲುಬಿನ ಗೋಡೆ, ಮೇಲೊಂದು ಬಿಗಿದ ನಾರು.
ಅದರೊಳಗೆ ಒಂಬತ್ತು ಹುರಿ, ಒಂದೇ ನರ;
ಸಂಜೆ ಆರರ ಮೆಜೆಸ್ಟಿಕ್ ಬಸ್ಸಿನ ಬಾಗಿಲಲ್ಲಿ
ಒಂಬತ್ತು ಗಂಡಸರ ನಡುವೆ
ಒಬ್ಬಳೇ ಹೆಂಗಸು ಸಿಕ್ಕಿಕೊಂಡ ಹಾಗೆ.
'ಗೊತ್ತು' ಅಂದಳು.

ಜೋಮು ಹಿಡಿಯುವುದು ಮೂರೂವರೆ ಬೆರಳಿಗೆ.
ಉಂಗುರ ಬೆರಳಿನ ನಡುವೆ ಗಡಿ:
ಅರ್ಧ ಈ ವಾರ್ಡು, ಅರ್ಧ ಆ ವಾರ್ಡು.
ಕಿರುಬೆರಳು ಬೇರೆ ನರದ ಸಂಸಾರ, ಅದಕ್ಕೇನೂ ಆಗಿಲ್ಲ,
ಪಕ್ಕದ ಮನೆಯ ಸಾವಿಗೆ
ಟಿವಿ ಸದ್ದು ತಗ್ಗಿಸಿ ಕೂತ ಹಾಗೆ ಕೂತಿದೆ.

ಆಮೇಲೆ ಲಕೋಟೆ. ಬೆಳಕಿಗೆ ಹಿಡಿದರೂ ಒಳಗಿನದು ಕಾಣದ್ದು.
'ಲಾಟರಿಯಾ?'
'ಒಂಥರಾ. ಕಂಪ್ಯೂಟರ್ ಎತ್ತಿದ ಚೀಟಿ.
ಸೂಜಿ ಇರಬಹುದು, ಕೈಪಟ್ಟಿ ಇರಬಹುದು.'
'ಯಾವುದು ಒಳ್ಳೇದು?'
'ಗೊತ್ತಿಲ್ಲ.'
'ದೊಡ್ಡ ಡಾಕ್ಟರಿಗೆ?'
'ಅವರಿಗೂ. ಗೊತ್ತಿಲ್ಲದ್ದಕ್ಕೇ ನಿಮ್ಮನ್ನು ಕರೆದದ್ದು.'
ಬಾಯಿಗೆ ಸೆರಗು ಒತ್ತಿ ನಕ್ಕಳು:
'ಗೊತ್ತಿಲ್ಲ ಅನ್ನೋಕೆ ಒಂಬತ್ತು ಪುಟ!'

ಬಂದದ್ದು ಕೈಪಟ್ಟಿ. ಜೊತೆಗೆ ಬಂದ ಮೆಹರುನ್ನೀಸಾಗೆ ಸೂಜಿ.
'ರಾತ್ರಿ ಕಟ್ಟಿಕೊಳ್ಳಿ, ಹಗಲು ಕೈಗೆ ವಿಶ್ರಾಂತಿ ಕೊಡಿ'
ಎಂದು ಅಚ್ಚಾದ ಸಾಲನ್ನು ಓದುವಾಗ
ನನ್ನ ದನಿ ತಾನಾಗಿ ಸಣ್ಣದಾಯಿತು.

ಪ್ರಶ್ನೆ ಹತ್ತೊಂಬತ್ತು, ಉತ್ತರ ಒಂದರಿಂದ ಐದು.
ಗುಂಡಿ ಹಾಕಲು ಕಷ್ಟವೇ?
ಗುಂಡಿ ಎಲ್ಲಿದೆ, ಪಿನ್ನು.
ಪುಸ್ತಕ ಹಿಡಿದು ಓದಲು?
ಮಗಳ ಪುಸ್ತಕ ಹಿಡಿದಿದ್ದೆ, ಬೈಂಡು ಹಾಕಿಸೋಕೆ.
ಜೋಮು ಎಷ್ಟು?
ಕೆಂಪಿರುವೆಯೋ ಕಪ್ಪಿರುವೆಯೋ, ಹಾಗೆ ಕೇಳಿ, ಹೇಳ್ತೀನಿ.
ಕೆಂಪಿರುವೆ ಅಂದಳು. ನಾಲ್ಕು ಹಾಕಿದೆ.

ಮೂರನೇ ತಿಂಗಳು ಬರಲಿಲ್ಲ.
ಫೋನಿನಲ್ಲಿ ಗದ್ದಲ: ಗಣಪತಿ ಹಬ್ಬದ ಆರ್ಡರು.

ಆರನೇ ತಿಂಗಳು ಬಂದಳು.
ಕೈಪಟ್ಟಿಗೆ ಕಪ್ಪು ಹತ್ತಿ, ಬಿಳಿಯ ಗುರುತೇ ಇರಲಿಲ್ಲ.
ಬಿಚ್ಚಿದೊಡನೆ ಕೋಣೆಯ ಸ್ಪಿರಿಟ್ ವಾಸನೆ
ಸೋತು ಹೊರಗೆ ಹೋಯಿತು.
ಮಣಿಕಟ್ಟಿಗೆ ತಂತಿ ಅಂಟಿಸಿ ಬೆರಳಿಗೆ ಮಿಂಚು ಕೊಟ್ಟೆ.
ಪರದೆಯ ಮೇಲೆ ಅಲೆ ಎದ್ದಿತು:
ಹೋದ ಸಲಕ್ಕಿಂತ ಕೂದಲೆಳೆಯಷ್ಟು ಬೇಗ.
ಇಲ್ಲವೇ ಅಂದು ಕೋಣೆ ಬೆಚ್ಚಗಿತ್ತು.

'ರಾತ್ರಿ ಎಷ್ಟು ಸಲ ಎಚ್ಚರ ಆಗುತ್ತೆ?'
'ಒಂದು ಸಲ. ಎರಡೂವರೆಗೆ.'
'ಕೈ ನೋವಿಗಾ?'
'ಅಯ್ಯೋ, ಅಲ್ಲ. ಕಾವೇರಿ ಬರೋದೇ ಆಗ. ಎಂಟು ಬಿಂದಿಗೆ.
ಮೊದಲು ಕೈಯೇ ಎಬ್ಬಿಸ್ತಿತ್ತು, ನೀರು ತಪ್ತಿರಲಿಲ್ಲ.
ಈಗ ಅಲಾರಾಂ ಇಟ್ಕೋಬೇಕು.'

ಇದಕ್ಕೆ ಕಾಲಂ ಇಲ್ಲ.
'ಎಂದೂ ಇಲ್ಲ' ಎಂಬುದಕ್ಕೆ ಸುತ್ತು ಹಾಕಿದೆ.
ಅಂಚಿನಲ್ಲಿ, ಯಾಕೋ, ಪೆನ್ಸಿಲಿನಲ್ಲಿ
ಒಂದೇ ಒಂದು ಪದ ಬರೆದೆ.

ಎರಡು ಗುಂಪಿನ ನಡುವೆ ಹೇಳಿಕೊಳ್ಳುವಂಥ ಅಂತರ
ಸದ್ಯಕ್ಕೆ ಕಂಡಿಲ್ಲ. ಎಣಿಕೆ ಮುಗಿದಿಲ್ಲ.
ನಿನ್ನೆ ಕಂಪ್ಯೂಟರ್ ಕೋಣೆಯ ಹುಡುಗ ಚೀಟಿ ಕಳಿಸಿದ್ದ:
'ಸಂಖ್ಯೆ ೪೭, ಪುಟ ಆರು. ಅಂಚಿನ ಅಕ್ಷರ ಅಳಿಸಿದೆ.
ನೋವೋ, ನೀರೋ? ದಯವಿಟ್ಟು ಸ್ಪಷ್ಟಪಡಿಸಿ.'